ನಂಬರಿಲ್ಲದ ಟ್ಯೂಬು

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಜೊತೆಯಲ್ಲೇ ಕೆಲಸ ಮಾಡುವ, ಅವಳಿಗಿಂತ ನಾಲ್ಕು ವರ್ಷ ದೊಡ್ಡವನಾದ ಗೊಣಗಣ್ಣನಿಗೂ ಅವಳು ಅಕ್ಕ, ವರದಿ ಬಂತಾ ಎಂದು ಮೂರನೇ ಮಹಡಿಯಿಂದ ಫೋನು ಮಾಡುವ ಹೆರಿಗೆ ವಾರ್ಡಿನ ಡಾಕ್ಟರಮ್ಮನಿಗೂ ಅಕ್ಕ. ಹೀಗೆ ಊರಿಗೆಲ್ಲ ಅಕ್ಕನಾದವಳಿಗೆ ಒಡಹುಟ್ಟಿದ ತಂಗಿ ಮಾತ್ರ ಒಬ್ಬಳೇ. ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹದಿನೆಂಟು, ತಂಗಿಗೆ ಏಳು. ಅಂದಿನಿಂದ ತಂಗಿಗೆ ಜಡೆ ಹಾಕಿದ್ದು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದ್ದು, ಅವಳ ಪರವಾಗಿ ಶಾಲೆಗೆ ಹೋಗಿ ಮೇಷ್ಟರ ಹತ್ತಿರ ಬೈಸಿಕೊಂಡದ್ದು, ಕೊನೆಗೆ ಒಳ್ಳೆಯ ಹುಡುಗನನ್ನು ಹುಡುಕಿ ಮದುವೆ ಮಾಡಿದ್ದು ಎಲ್ಲ ಅಕ್ಕನೇ. ಆ ಗಡಿಬಿಡಿಯಲ್ಲಿ ನಾನು ಮದುವೆಯಾಗೋದೇ ಮರೆತುಹೋಯ್ತು ಎಂದು ಅವಳು ತಮಾಷೆ ಮಾಡುತ್ತಿದ್ದಳು. ಮರೆಯುವ ಪೈಕಿ ಅವಳಲ್ಲ ಎಂದು ಬಲ್ಲವರು ಸುಮ್ಮನೆ ನಕ್ಕುಬಿಡುತ್ತಿದ್ದರು.

ಅವಳದು ಕಣ್ಣಿನ ಕೆಲಸ. ಬಸುರಿಯರಿಗೆ ಒಂಬತ್ತು ತಿಂಗಳು ಹಿಡಿದಾಗ ಹತ್ತಿ ಸುತ್ತಿದ ಕಡ್ಡಿಯೊಂದರಿಂದ ಮೈಯ ಕೆಳಭಾಗವನ್ನು ಸವರಿ, ಆ ಕಡ್ಡಿಯನ್ನು ನೆಲಮಾಳಿಗೆಗೆ ಕಳಿಸುತ್ತಾರೆ. ಅದರಲ್ಲಿ ಒಂದು ಜಾತಿಯ ಕ್ರಿಮಿ ಇದೆಯೋ ಇಲ್ಲವೋ ನೋಡಿ ಹೇಳಬೇಕು. ಸೂಕ್ಷ್ಮದರ್ಶಕದಲ್ಲಿ ಪೋಣಿಸಿದ ಮಣಿಗಳಂತೆ ಕಾಣುವುದರಿಂದ ಪ್ರಯೋಗಾಲಯದವರು ಅದಕ್ಕೆ ಮಣಿಸರ ಎಂದು ಹೆಸರಿಟ್ಟಿದ್ದರು. ನೂರು ಬಸುರಿಯರನ್ನು ನೋಡಿದರೆ ಇಪ್ಪತ್ತು ಜನರಲ್ಲಿ ಮಣಿಸರ ಇದ್ದೇ ಇರುತ್ತದೆ. ಕರೆಯದೆ ಬಂದ ನೆಂಟನ ಹಾಗೆ ಒಂದು ಮೂಲೆಯಲ್ಲಿ ಕೂತಿರುತ್ತದೆ, ತಾಯಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಆದರೆ ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ತಗುಲಿ, ಎಲ್ಲೋ ನೂರಕ್ಕೆ ಒಂದು ಮಗುವಿನ ರಕ್ತಕ್ಕೆ ಇಳಿದುಬಿಡುತ್ತದೆ. ಇಳಿದರೆ ಆಮೇಲೆ ಗಂಟೆಗಳ ಲೆಕ್ಕ. ತಡೆಯುವ ದಾರಿ ಕಷ್ಟದ್ದಲ್ಲ. ಇದೆಯೆಂದು ಮೊದಲೇ ಗೊತ್ತಿದ್ದರೆ, ನೋವು ಶುರುವಾದ ಕೂಡಲೇ ತಾಯಿಗೆ ಪೆನಿಸಿಲಿನ್ ಡ್ರಿಪ್ ಹಾಕುತ್ತಾರೆ. ಮಗು ಹೊರಬರುವುದಕ್ಕೆ ನಾಲ್ಕು ಗಂಟೆ ಮುಂಚೆ ಔಷಧ ಮೈ ಸೇರಿದ್ದರೆ ಹೆದರಿಕೆ ಬಹುಮಟ್ಟಿಗೆ ಕಳೆದಂತೆ. ಮೊದಲೇ ಗೊತ್ತಿರಬೇಕು, ಅಷ್ಟೇ. ಗೊತ್ತುಮಾಡಿ ಹೇಳುವುದು ಅಕ್ಕನ ಕೆಲಸ.

ಅದಕ್ಕೊಂದು ಕ್ರಮವಿತ್ತು. ಕಡ್ಡಿಯನ್ನು ಮೊದಲು, ಕ್ರಿಮಿಯನ್ನು ಬೆಳೆಸುವ ದ್ರವವಿರುವ ಟ್ಯೂಬಿಗೆ ಹಾಕಿ, ಮೈಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರಿನಲ್ಲಿ ಒಂದು ದಿನ ಇಡಬೇಕು. ಮಣಿಸರ ಇದ್ದರೆ ಆ ದ್ರವ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ತಿರುಗದಿದ್ದರೂ ಬಿಡುವಂತಿಲ್ಲ, ಅದನ್ನು ಕ್ರಿಮಿ ಬೆಳೆಸುವ ಚಪ್ಪಟೆ ತಟ್ಟೆಗೆ ಗೀಚಿ ಇನ್ನೊಂದು ದಿನ ಕಾಯಬೇಕು. ಟ್ಯೂಬಿನ ಗೊಡವೆಯೇ ಬೇಡವೆಂದು ಕಡ್ಡಿಯನ್ನು ನೇರವಾಗಿ ತಟ್ಟೆಗೆ ಗೀಚಿದರೆ ಒಂದೇ ದಿನಕ್ಕೆ ಉತ್ತರ ಸಿಗುತ್ತದೆ ನಿಜ. ಆದರೆ ಸ್ವಲ್ಪವೇ ಇರುವ ಕ್ರಿಮಿ ಆ ತಟ್ಟೆಯಲ್ಲಿ ಮುಖ ತೋರಿಸದೆ ತಪ್ಪಿಸಿಕೊಳ್ಳಬಹುದು. ತರಬೇತಿಗೆ ಬಂದವರಿಗೆಲ್ಲ ಅಕ್ಕ ಮೊದಲ ದಿನ ಹೇಳುತ್ತಿದ್ದ ಮಾತು ಒಂದೇ. ತಟ್ಟೆ ಬೇಗ ಹೇಳುತ್ತೆ, ಟ್ಯೂಬು ನಿಜ ಹೇಳುತ್ತೆ, ಬೇಗ ಹೇಳೋರನ್ನ ನಂಬಬೇಡಿ ಎನ್ನುತ್ತಿದ್ದಳು.

ಇನ್ನೊಂದು ನಿಯಮವನ್ನು ಅವಳೇ ತಂದಿದ್ದಳು. ಹಿಂದೆ ಯಾವಾಗಲೋ ಹೆಸರಿಲ್ಲದ, ನಂಬರಿಲ್ಲದ ಟ್ಯೂಬೊಂದನ್ನು ಯಾರೋ ಓದಿ, ಯಾರದೋ ವರದಿ ಯಾರಿಗೋ ಹೋಗಿ ದೊಡ್ಡ ರಾದ್ಧಾಂತವಾಗಿತ್ತು. ಅಂದೇ ಅಕ್ಕ ಇನ್‌ಕ್ಯುಬೇಟರಿನ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಳು: ‘ನಂಬರಿಲ್ಲದ ಟ್ಯೂಬನ್ನು ಯಾರೂ ಮುಟ್ಟಬಾರದು, ಓದಬಾರದು. ಇಟ್ಟವರೇ ಬಂದು ನೋಡಬೇಕು.’ ಗೊಣಗಣ್ಣನಿಗೆ ಆ ಚೀಟಿ ಬಹಳ ಹಿಡಿಸಿತು. ಬೆಳಿಗ್ಗೆ ಬಂದು ಕೋಟು ಹಾಕಿಕೊಳ್ಳುವುದರಿಂದ ಹಿಡಿದು ಸಂಜೆ ಕೈ ತೊಳೆಯುವತನಕ ಎಲ್ಲದಕ್ಕೂ ಗೊಣಗುವ ಆ ಮನುಷ್ಯ ಈ ಒಂದು ನಿಯಮಕ್ಕೆ ಮಾತ್ರ ಎಂದೂ ಗೊಣಗಲಿಲ್ಲ. ನಂಬರಿಲ್ಲದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ತಂಗಿ ಮೂರನೇ ಸಲ ಬಸುರಿಯಾಗಿದ್ದಳು. ಮೊದಲಿನ ಎರಡೂ ನಿಲ್ಲಲಿಲ್ಲ. ಒಂದು ಮೂರು ತಿಂಗಳಿಗೆ ಹೋಯಿತು, ಇನ್ನೊಂದು ಐದಕ್ಕೆ. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು. ಕಪಾಟಿನಷ್ಟು ಅಗಲದ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ತಲೆ ತಗ್ಗಿಸಿ ಕೂರುತ್ತಿದ್ದ, ಮನೆಗೆ ಬಂದರೂ ಹೆಚ್ಚು ಮಾತಿಲ್ಲ. ಮಾತೆಲ್ಲ ತಂಗಿಯದು, ಹೆದರಿಕೆಯೂ ಅವಳದೇ. ಮಗು ಒದ್ದರೆ ಯಾಕೆ ಒದೆಯಿತು ಎಂದು ಹೆದರುವಳು, ಒದೆಯದಿದ್ದರೆ ಯಾಕೆ ಒದೆಯಲಿಲ್ಲ ಎಂದು ಹೆದರುವಳು. ಎರಡಕ್ಕೂ ಅಕ್ಕನಿಗೆ ಫೋನು ಬರುತ್ತಿತ್ತು. ಯಾವ ಡಾಕ್ಟರು ಏನೇ ಹೇಳಲಿ, ಅಕ್ಕ ಹೌದು ಅಂದಮೇಲೆಯೇ ಅವಳಿಗೆ ಅದು ಹೌದು.

ಮೂವತ್ತೇಳನೇ ವಾರದ ಗುರುವಾರ ಸಂಜೆ ಅಕ್ಕ ತಂಗಿಯ ಮನೆಗೆ ಹೋದಾಗ ಅವಳು ಊಟ ಬಿಟ್ಟು ಕೂತಿದ್ದಳು. ಮುಂದಿನ ಬುಧವಾರ ಕ್ಲಿನಿಕ್ಕಿನಲ್ಲಿ ಆ ಕಡ್ಡಿಯ ಪರೀಕ್ಷೆ ಮಾಡುತ್ತಾರಂತೆ, ಉತ್ತರ ಬರಲು ಎರಡು ಮೂರು ದಿನ ಬೇಕಂತೆ, ಅಷ್ಟು ದಿನ ಹೇಗೆ ಕಾಯುವುದು ಎಂಬುದೇ ಅವಳ ಸಂಕಟ. ಹೆದರುವವರಿಗೆ ನೂರಕ್ಕೆ ಒಂದು ಅಂದರೂ ಒಂದೇ, ನೂರಕ್ಕೆ ನೂರು ಅಂದರೂ ಒಂದೇ. ಅಕ್ಕ ಎಷ್ಟು ಬಿಡಿಸಿ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಕಡೆಗೆ ತಂಗಿ ಅವಳ ಕೈ ಹಿಡಿದುಕೊಂಡಳು.

"ನೀನೇ ನೋಡಿಬಿಡು ಅಕ್ಕ. ಬುಧವಾರದ ತನಕ ನನಗೆ ನಿದ್ದೆ ಬರಲ್ಲ."

ಇಲ್ಲಿ ಅಕ್ಕ ಬೇಡ ಅನ್ನಬೇಕಿತ್ತು. ಬೇರೆ ಯಾರಾದರೂ ಹೀಗೆ ಕೇಳಿದ್ದರೆ ಮುಖಕ್ಕೆ ಹೊಡೆದ ಹಾಗೆ ಅಂದೇ ಅನ್ನುತ್ತಿದ್ದಳು. ಆದರೆ ಏಳು ವರ್ಷದ ಮಗುವಾಗಿದ್ದಾಗಲೂ ತಂಗಿ ಹೀಗೆಯೇ ಕೈ ಹಿಡಿದುಕೊಂಡು, ಅಮ್ಮ ಯಾವಾಗ ಬರ್ತಾಳೆ, ಈಗಲೇ ಹೇಳು ಎಂದು ಕೇಳಿದ್ದಳು. ಆಗ ಹೇಳಲು ಅಕ್ಕನ ಹತ್ತಿರ ಏನೂ ಇರಲಿಲ್ಲ. ಈಗ ಹೇಳಬಹುದಾದ ಉತ್ತರವೊಂದು ಕೈಯಳತೆಯಲ್ಲಿತ್ತು. ಅಕ್ಕ ತನ್ನ ಚೀಲದಲ್ಲಿದ್ದ ಹೊಸ ಕಡ್ಡಿಯೊಂದನ್ನು ತೆಗೆದು, ಹೇಗೆ ಸವರಿಕೊಳ್ಳಬೇಕೆಂದು ಹೇಳಿಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಅವಳು ಆ ಕಡ್ಡಿಯನ್ನು ಪ್ರಯೋಗಾಲಯದಲ್ಲಿ ಮೊದಲು ತಟ್ಟೆಗೆ ಗೀಚಿದಳು. ನಾಳೆ ಬೆಳಿಗ್ಗೆಯೇ ತಂಗಿಗೆ ಹೇಳಿಬಿಡಬಹುದಲ್ಲ ಎಂಬುದೊಂದೇ ಅವಳ ಮನಸ್ಸಿನಲ್ಲಿ. ಗೀಚಿದ ಮೇಲೆ ಕೈ ತನ್ನಷ್ಟಕ್ಕೆ ತಾನೇ ಹಳೆಯ ಅಭ್ಯಾಸದಂತೆ ಕಡ್ಡಿಯನ್ನು ಒಂದು ಟ್ಯೂಬಿಗೆ ಇಳಿಸಿತು. ರಿಜಿಸ್ಟರಿನಲ್ಲಿ ಬರೆಯಲಿಲ್ಲ, ಮನೆಯ ಕೆಲಸಕ್ಕೆ ರಿಜಿಸ್ಟರು ಯಾಕೆ ಎಂದುಕೊಂಡಳು. ಟ್ಯೂಬಿನ ಮೇಲೆ ‘ತಂಗಿ’ ಎಂದಷ್ಟೇ ಬರೆದು ಇನ್‌ಕ್ಯುಬೇಟರಿನ ಹಿಂದಿನ ಸಾಲಿನಲ್ಲಿಟ್ಟಳು. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಶನಿವಾರ ಬೆಳಿಗ್ಗೆ ತಟ್ಟೆ ಸ್ವಚ್ಛವಾಗಿತ್ತು. ಬೆಳಕಿಗೆ ಹಿಡಿದು ಓರೆ ಮಾಡಿ ಎರಡು ಸಲ ನೋಡಿದಳು. ಮಣಿಸರದ ಗುರುತೇ ಇರಲಿಲ್ಲ. ಕೈಗವಸು ಬಿಚ್ಚಿ, ಮೆಟ್ಟಿಲ ಹತ್ತಿರ ಹೋಗಿ ತಂಗಿಗೆ ಫೋನು ಮಾಡಿದಳು.

"ಏನೂ ಇಲ್ಲ ಕಣೇ. ಹೊಟ್ಟೆ ತುಂಬ ಊಟ ಮಾಡಿ ಮಲಕ್ಕೋ."

ಆ ಕಡೆಯಿಂದ ತಂಗಿ ಅತ್ತಳು, ಆಮೇಲೆ ನಕ್ಕಳು. ಅಕ್ಕನಿಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಉತ್ತರ ಸಿಕ್ಕಿದ ಮೇಲೆ ಪ್ರಶ್ನೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹಿಂದಿನ ಸಾಲಿನ ಟ್ಯೂಬು ಅವಳ ತಲೆಯಿಂದ ಹಾರಿಹೋಯಿತು. ಆ ಶನಿವಾರ ಬೆಳಿಗ್ಗೆ ಅದು ಯಾವ ಬಣ್ಣದಲ್ಲಿತ್ತು ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ಅದನ್ನು ತಿಳಿಯುವ ಆಸೆ ಒಮ್ಮೊಮ್ಮೆ ಆಗುತ್ತದೆ, ಒಮ್ಮೊಮ್ಮೆ ಗೊತ್ತಿಲ್ಲದಿರುವುದೇ ವಾಸಿ ಅನ್ನಿಸುತ್ತದೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ತಂಗಿಯ ಗಂಡನಿಂದ ಫೋನು ಬಂತು. ನೀರು ಹೋಗಿದೆ, ನೋವು ಶುರುವಾಗಿದೆ, ಹೊರಟಿದ್ದೇವೆ ಎಂದ. ಅಕ್ಕ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದು ಅವರನ್ನು ಮೂರನೇ ಮಹಡಿಗೆ ಹತ್ತಿಸಿದಳು. ಚೊಚ್ಚಲ ಹೆರಿಗೆ, ಸಂಜೆಯಾದರೂ ಆಗಬಹುದು, ನೀವು ಹೋಗಿ ಕೆಲಸ ನೋಡಿಕೊಳ್ಳಿ ಎಂದು ಹೆರಿಗೆ ಕೋಣೆಯ ನರ್ಸಮ್ಮ ಅವಳನ್ನು ಕೆಳಗೆ ಕಳಿಸಿದಳು. ಅಕ್ಕ ಹೋದಮೇಲೆ ನರ್ಸಮ್ಮ ಚಾರ್ಟು ತುಂಬುತ್ತ, ಕಡ್ಡಿಯ ಪರೀಕ್ಷೆ ಆಗಿದೆಯಾ, ವರದಿ ಎಲ್ಲಿ ಎಂದು ತಂಗಿಯನ್ನು ಕೇಳಿದಳು. ಅಕ್ಕನೇ ನೋಡಿದ್ದಾಳೆ, ಏನೂ ಇಲ್ಲವಂತೆ ಎಂದು ತಂಗಿ ಹೇಳಿದಳು. ಇಡೀ ಆಸ್ಪತ್ರೆಯಲ್ಲಿ ಅಕ್ಕನ ಮಾತಿಗೆ ಎದುರಾಡುವವರು ಯಾರಿದ್ದರು? ವರದಿಯ ನಂಬರು ಬರೆಯಬೇಕಾದ ಜಾಗದಲ್ಲಿ ನರ್ಸಮ್ಮ ‘ಇಲ್ಲ, ಅಕ್ಕ ನೋಡಿದ್ದಾರೆ’ ಎಂದು ಬರೆದಳು.

ಒಂಬತ್ತೂವರೆಯ ಸುಮಾರಿಗೆ ಅಕ್ಕ ತಟ್ಟೆಗಳನ್ನು ಓದುತ್ತ ಕೂತಿದ್ದಾಗ ಗೊಣಗಣ್ಣ ಇನ್‌ಕ್ಯುಬೇಟರಿನ ಮುಂದೆ ನಿಂತು ಏನೋ ಗೊಣಗಿದ. ಅವಳು ಕೇಳಿಸಿಕೊಳ್ಳಲಿಲ್ಲ. ಅವನು ಸ್ವಲ್ಪ ಜೋರಾಗಿ ಹೇಳಿದ.

"ಅಕ್ಕ, ನಿಮ್ಮ ಸ್ವಂತದ್ದು ಒಂದು ಟ್ಯೂಬಿದೆ ಇಲ್ಲಿ. ಎಷ್ಟು ದಿನ ಇಟ್ಕೊಂಡಿರ್ತೀರಿ? ನಿನ್ನೆಯಿಂದ ಕಿತ್ತಳೆ ಆಗಿ ಕೂತಿದೆ."

ಅಕ್ಕ ಎದ್ದು ಹೋದಳು. ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿದಂತೆ, ತನ್ನದೇ ಕೈಬರಹದ ‘ತಂಗಿ’. ಒಳಗಿನ ದ್ರವ ಒಂದು ಚೂರೂ ಅನುಮಾನಕ್ಕೆ ಎಡೆಯಿಲ್ಲದ ಕಿತ್ತಳೆ. ನಿನ್ನೆ ಯಾಕೆ ಹೇಳಲಿಲ್ಲ ಅಣ್ಣ ಎಂದು ಕೇಳುವಷ್ಟರಲ್ಲಿ ಬಾಗಿಲ ಮೇಲಿನ ಚೀಟಿ ಕಣ್ಣಿಗೆ ಬಿತ್ತು. ಅವನು ಭಾನುವಾರ ಒಬ್ಬನೇ ಇದ್ದ, ನೋಡಿದ್ದ, ನಂಬರು ಹುಡುಕಿದ್ದ, ಇಲ್ಲದ್ದಕ್ಕೆ ಮುಟ್ಟದೆ ಬಿಟ್ಟಿದ್ದ. ಅವಳು ಬರೆದ ಅಕ್ಷರವನ್ನು ಅಕ್ಷರಶಃ ಪಾಲಿಸಿದ್ದ. ಬೈಯುವುದಾದರೆ ಯಾರನ್ನು ಬೈಯಬೇಕು?

ಲಿಫ್ಟಿಗೆ ಕಾಯದೆ ಅವಳು ಮೆಟ್ಟಿಲು ಹತ್ತಿದಳು. ನೆಲಮಾಳಿಗೆಯಿಂದ ಮೂರನೇ ಮಹಡಿಗೆ ಎಂಬತ್ತೆಂಟು ಮೆಟ್ಟಿಲು. ಕೈಯಲ್ಲಿ ಟ್ಯೂಬು ಇತ್ತು. ಅದನ್ನು ಯಾಕೆ ತಂದಳೋ ಅವಳಿಗೇ ಗೊತ್ತಿಲ್ಲ, ಡಾಕ್ಟರಮ್ಮನಿಗೆ ತೋರಿಸಿದರೆ ಹೆರಿಗೆ ನಿಲ್ಲುತ್ತದೆಯೇ? ಡಾಕ್ಟರಮ್ಮ ಟ್ಯೂಬನ್ನು ನೋಡಿದರು, ಚಾರ್ಟಿನಲ್ಲಿ ಬರೆದದ್ದನ್ನು ನೋಡಿದರು, ಅಕ್ಕನ ಮುಖವನ್ನು ನೋಡಿದರು. ಒಂದು ಮಾತೂ ಬೈಯಲಿಲ್ಲ. ಐದೇ ನಿಮಿಷದಲ್ಲಿ ಪೆನಿಸಿಲಿನ್ ಡ್ರಿಪ್ ಹಾಕಿಸಿದರು. ಆಗ ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ ಇತ್ತು.

"ಎರಡಕ್ಕೆ ಮುಂಚೆ ಆಗದಿದ್ರೆ ಒಳ್ಳೇದು," ಎಂದರು ಡಾಕ್ಟರಮ್ಮ. "ಆದರೆ ಬೇಗ ಬೇಗ ಆಗ್ತಾ ಇದೆ ಅಕ್ಕ."

ಜಗತ್ತಿನ ಎಲ್ಲ ಹೆರಿಗೆ ಕೋಣೆಗಳಲ್ಲೂ ಹೊರಗೆ ನಿಂತವರು ಬೇಗ ಆಗಲಿ ಎಂದು ಬೇಡಿಕೊಳ್ಳುತ್ತಾರೆ. ಅಕ್ಕ ಮಾತ್ರ ತಡವಾಗಲಿ ಎಂದು ಬೇಡಿಕೊಂಡಳು. ಒಳಗೆ ತಂಗಿ ನೋವು ತಿನ್ನುತ್ತಿದ್ದಾಳೆ, ಆ ನೋವು ಇನ್ನೂ ನಾಲ್ಕು ಗಂಟೆ ಇರಲಿ ಎಂದು ಸ್ವಂತ ಅಕ್ಕ ಬಯಸುತ್ತಿದ್ದಾಳೆ. ಇದಕ್ಕಿಂತ ಕೆಟ್ಟ ಪ್ರಾರ್ಥನೆ ಉಂಟೇ? ಒಳಗೆ ಹೋದಾಗ ತಂಗಿ ಬೆವರಿದ ಮುಖ ಎತ್ತಿ, ಈ ಡ್ರಿಪ್ ಯಾಕೆ ಎಂದು ಕೇಳಿದಳು. ಸುಮ್ಮನೆ, ಮುಂಜಾಗ್ರತೆಗೆ ಎಂದಳು ಅಕ್ಕ. ಅಕ್ಕ ಅಂದಮೇಲೆ ಮುಗಿಯಿತು, ತಂಗಿ ಮತ್ತೆ ಕೇಳಲಿಲ್ಲ.

ಹೊರಗೆ ಬಂದು ಅವಳು ತಂಗಿಯ ಗಂಡನಿಗೆ ಎಲ್ಲ ಹೇಳಿದಳು. ತಟ್ಟೆ, ಟ್ಯೂಬು, ಶನಿವಾರ, ಭಾನುವಾರ, ನಾಲ್ಕು ಗಂಟೆ. ಒಂದನ್ನೂ ಮುಚ್ಚಿಡಲಿಲ್ಲ. ಅವನು ಕೈಕಟ್ಟಿಕೊಂಡು ಕೇಳಿದ. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಅವಳು ಕಾದಳು. ಅವನು ತಲೆಯೆತ್ತಿ ಗೋಡೆಯ ಗಡಿಯಾರವನ್ನು ನೋಡಿದ.

"ಆ ಗಡಿಯಾರ ಏಳು ನಿಮಿಷ ಮುಂದಿದೆ ಅಕ್ಕ."

ಅವನಿಗೆ ಗೊತ್ತಿದ್ದದ್ದು ಅದೊಂದೇ, ಇದ್ದದ್ದರಲ್ಲಿ ಅದನ್ನೇ ಕೊಟ್ಟ. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ ಅನ್ನುತ್ತಾರಲ್ಲ, ಅಕ್ಕ ಆ ಏಳು ನಿಮಿಷವನ್ನೂ ಲೆಕ್ಕಕ್ಕೆ ತೆಗೆದುಕೊಂಡಳು. ಡ್ರಿಪ್ ಹಾಕಿದ್ದು ಹತ್ತಕ್ಕೆ ಹನ್ನೆರಡು ನಿಮಿಷ ಇರುವಾಗ. ಹಾಗಾದರೆ ಒಂದು ನಲವತ್ತೆಂಟರ ತನಕ ತಳ್ಳಿದರೆ ಸಾಕು. ಅಷ್ಟರಲ್ಲೇ ಅವಳಿಗೆ ತಲೆ ಸರಿಯಾಗಿ ಓಡಿತು. ಗಡಿಯಾರ ಮುಂದಿದ್ದರೆ ಹಾಕಿದ ಹೊತ್ತೂ ಮುಂದೆ, ಹೆರುವ ಹೊತ್ತೂ ಮುಂದೆ. ನಾಲ್ಕು ಗಂಟೆ ನಾಲ್ಕೇ ಗಂಟೆ. ಗಡಿಯಾರದವನಿಗೆ ಅದು ತಿಳಿಯದೆ ಇರುತ್ತದೆಯೇ? ಇಬ್ಬರೂ ಬೆಂಚಿನ ಮೇಲೆ ಕೂತರು.

ಮಗು ಹನ್ನೊಂದು ನಲವತ್ತಕ್ಕೆ ಹುಟ್ಟಿತು. ಹೆಣ್ಣು. ಮೂರು ಕೆಜಿಗೆ ಸ್ವಲ್ಪ ಕಡಿಮೆ, ತಲೆ ತುಂಬ ಕೂದಲು, ಗಂಟಲು ದೊಡ್ಡದು. ಇಡೀ ಮಹಡಿಗೆ ಕೇಳುವಂತೆ ಅತ್ತಿತು. ತಂಗಿ ಎರಡು ಸಲ ಬರಿಗೈಯಲ್ಲಿ ಹೋದ ಆಸ್ಪತ್ರೆ ಅದು. ಈಗ ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು, ನಂಬಿಕೆ ಬಾರದವಳ ಹಾಗೆ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಮೂಗು ನಿನ್ನದೇ ಅಕ್ಕ, ಪಾಪ, ಏನು ಮಾಡೋದು ಎಂದು ನಕ್ಕಳು. ಅಕ್ಕನೂ ನಗಬೇಕಾಯಿತು. ನಗುತ್ತಲೇ ಅವಳು ಮಗುವಿನ ಪಕ್ಕೆಲುಬುಗಳನ್ನು ನೋಡುತ್ತಿದ್ದಳು, ಉಸಿರು ಎಣಿಸುತ್ತಿದ್ದಳು. ನಿಮಿಷಕ್ಕೆ ನಲವತ್ತೆರಡು. ಒಳ್ಳೆಯ ಉಸಿರು.

ನೂರಕ್ಕೆ ಒಂದು ತಾನೇ. ಅರ್ಧ ಔಷಧವಾದರೂ ಹೋಗಿದೆ. ತೊಂಬತ್ತೊಂಬತ್ತು ಮಕ್ಕಳು ಏನೂ ಆಗದೆ ಮನೆಗೆ ಹೋಗುತ್ತವೆ. ಅಕ್ಕ ಆ ಮಧ್ಯಾಹ್ನವಿಡೀ ಇದನ್ನೇ ಜಪದ ಹಾಗೆ ಹೇಳಿಕೊಂಡಳು. ಒಂದು ಗಂಟೆಗೆ ನಲವತ್ತನಾಲ್ಕು. ಎರಡು ಗಂಟೆಗೆ ನಲವತ್ತೆಂಟು. ಮೂರಕ್ಕೆ ಐವತ್ತಾರು. ನಾಲ್ಕಕ್ಕೆ ಎಣಿಸುವಾಗ ಅರವತ್ತು ದಾಟಿ ಎಪ್ಪತ್ತರ ಹತ್ತಿರ ಹೋಯಿತು, ಪ್ರತಿ ಉಸಿರಿಗೂ ಮಗು ಸಣ್ಣಗೆ ನರಳುತ್ತಿತ್ತು. ಮಗು ಹಾಡು ಹೇಳ್ತಿದೆ ನೋಡಕ್ಕ ಎಂದಳು ತಂಗಿ. ಅಕ್ಕ ಓಡಿಹೋಗಿ ನರ್ಸಮ್ಮನನ್ನು ಕರೆತಂದಳು. ಐದು ನಿಮಿಷದಲ್ಲಿ ಮಗು ಗಾಜಿನ ಗೋಡೆಯ ಆಚೆ, ಹಸುಗೂಸುಗಳ ಕೋಣೆಯಲ್ಲಿತ್ತು.

ಅಲ್ಲಿ ಮಗುವಿನ ರಕ್ತ ತೆಗೆದು ಒಂದು ಸೀಸೆಗೆ ಹಾಕಿದರು, ಕೂಡಲೇ ಔಷಧ ಶುರು ಮಾಡಿದರು. ಸೀಸೆ ಪ್ರಯೋಗಾಲಯಕ್ಕೆ ಇಳಿಯುವ ಹೊತ್ತಿಗೆ ಅಕ್ಕನೂ ಇಳಿದಿದ್ದಳು. ಮೇಲೆ ಕೂತು ತಂಗಿಯ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಸೀಸೆಯ ಮೇಲೆ ‘ಆರನೇ ಹಾಸಿಗೆಯ ಹೆಣ್ಣು ಮಗು’ ಎಂದು ಬರೆದಿತ್ತು. ಅವಳು ಕೈ ಚಾಚಿದಳು. ಗೊಣಗಣ್ಣ ಅವಳಿಗಿಂತ ಮೊದಲು ಅದನ್ನು ಎತ್ತಿಕೊಂಡ.

"ಇದನ್ನ ನಾನು ನೋಡ್ತೀನಿ ಅಕ್ಕ. ಮನೆಯವರದ್ದು ಮನೆಯವರು ನೋಡಬಾರದು."

ರಿಜಿಸ್ಟರು ತೆಗೆದು ನಂಬರು ಹಾಕಿದ. ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತ ಸೀಸೆಯ ಮೇಲೆ ಬರೆದ, ಮೆಷಿನ್ನಿನೊಳಗೆ ಇಟ್ಟ. ಆ ಮೆಷಿನ್ನು ಸೀಸೆಯನ್ನು ಬೆಚ್ಚಗೆ ಇಟ್ಟುಕೊಂಡು ಕಾಯುತ್ತದೆ. ಒಳಗೆ ಏನಾದರೂ ಬೆಳೆದರೆ ಆ ಸೀಸೆಯ ಮುಂದಿನ ದೀಪ ಹತ್ತುತ್ತದೆ. ಇಪ್ಪತ್ತು ವರ್ಷಗಳಿಂದ ಅಕ್ಕ ಆ ದೀಪಗಳನ್ನು ನೋಡುತ್ತ ಬಂದಿದ್ದಳು. ಹತ್ತಿದರೆ ಕೆಲಸ ಶುರು ಅನ್ನುವುದಷ್ಟೇ ಅವಳಿಗೆ ಗೊತ್ತಿತ್ತು. ದೀಪದ ಆ ಕಡೆ ಯಾರಾದರೂ ಹೀಗೆ ಕೂತಿರುತ್ತಾರೆ ಎಂದು ತಿಳಿಯದ್ದೇನಲ್ಲ, ಆದರೆ ತಿಳಿಯುವುದು ಬೇರೆ, ತಾನೇ ಕೂರುವುದು ಬೇರೆ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಜೀವನದಲ್ಲಿ ಮೊದಲ ಸಲ ಆ ಕೈಗಳಿಗೆ ಮಾಡಲು ಏನೂ ಇರಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಅನ್ನುವ ಗಾದೆಯನ್ನು ಅವಳೂ ಎಷ್ಟೋ ಜನರಿಗೆ ಹೇಳಿದ್ದಳು. ಮಾಡಿದವರೇ ಉಣ್ಣುವುದಾದರೆ ಆ ಗಾದೆಯಂಥ ನ್ಯಾಯ ಇನ್ನೊಂದಿಲ್ಲ. ಇಲ್ಲಿ ಮಾಡಿದವಳು ನೆಲಮಾಳಿಗೆಯಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದಳು, ಉಣ್ಣುತ್ತಿದ್ದವಳು ಮೂರನೇ ಮಹಡಿಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಳು. ಅವಳಿಗೆ ಇನ್ನೂ ಹೆಸರು ಕೂಡ ಇಟ್ಟಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಅವಳು ಬಂದಾಗ ದೀಪ ಹತ್ತಿತ್ತು. ಗೊಣಗಣ್ಣ ಆಗಲೇ ಸೀಸೆಯಿಂದ ಒಂದು ತೊಟ್ಟು ತೆಗೆದು, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಮುಂದೆ ಬಗ್ಗಿ ಕೂತಿದ್ದ. ಅವಳು ಬಾಗಿಲಲ್ಲೇ ನಿಂತಳು. ಅವನು ತಿರುಪು ತಿರುಗಿಸಿದ, ನಿಲ್ಲಿಸಿದ, ಬಹಳ ಹೊತ್ತು ಅಲ್ಲಾಡಲಿಲ್ಲ. ಅವನ ಬಾಯಿಯಿಂದ ಒಂದು ಸದ್ದೂ ಬರಲಿಲ್ಲ. ಗೊಣಗದೆ ಕೂತ ಗೊಣಗಣ್ಣನನ್ನು ಅಕ್ಕ ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ಅಷ್ಟಕ್ಕೇ ಅವಳಿಗೆ ಎಲ್ಲ ಗೊತ್ತಾಯಿತು.

ಇಂಥ ವರದಿಯನ್ನು ಕೂಡಲೇ ಫೋನಿನಲ್ಲಿ ಹೇಳಬೇಕು, ಕೇಳಿಸಿಕೊಂಡವರು ನಂಬರನ್ನೂ ಫಲಿತಾಂಶವನ್ನೂ ತಿರುಗಿ ಒಪ್ಪಿಸಬೇಕು, ಸರಿಯಿದ್ದರೆ ಸರಿ ಎಂದಮೇಲೆಯೇ ಫೋನು ಇಡಬೇಕು. ಅದೂ ಅಕ್ಕನೇ ತಂದ ನಿಯಮ. ಗೊಣಗಣ್ಣ ಮೇಲಕ್ಕೆ ಫೋನು ಮಾಡಿ ನಂಬರು ಹೇಳಿದ, ಮಗುವಿನ ರಕ್ತದಲ್ಲಿ ಸರಪಳಿಯಂಥ ಕ್ರಿಮಿ, ಅದೇ ಮಣಿಸರ, ಇದೆ ಎಂದು ಹೇಳಿದ. ಆ ಕಡೆಯವರು ಒಪ್ಪಿಸುವುದನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡ, ಸರಿ ಎಂದ. ಆಮೇಲೆ ಫೋನಿಟ್ಟು, ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸತೊಡಗಿದ. ನಾನು ನಿನ್ನೆ ಅಲ್ಲ, ಮೊನ್ನೆಯೇ ಹೇಳಬಹುದಿತ್ತು ಎಂದು ಅವನು ಕನ್ನಡಕಕ್ಕೆ ಹೇಳಿಕೊಂಡದ್ದು ಅವಳಿಗೆ ಕೇಳಿಸಿತು. ಇಲ್ಲ ಅಣ್ಣ, ನೀವು ಸರಿಯಾಗೇ ಮಾಡಿದ್ರಿ ಎಂದಳು. ಅದು ನಿಜವೂ ಆಗಿತ್ತು, ಅದರಿಂದ ಯಾರಿಗೂ ಏನೂ ಪ್ರಯೋಜನವೂ ಇರಲಿಲ್ಲ.

ತಂಗಿ ಆರನೇ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಅಕ್ಕಪಕ್ಕದ ಹಾಸಿಗೆಗಳಲ್ಲಿ ತಾಯಂದಿರು ಮಕ್ಕಳಿಗೆ ಹಾಲು ಕುಡಿಸುತ್ತಿದ್ದರು. ಇವಳ ಪಕ್ಕದ ತೊಟ್ಟಿಲು ಖಾಲಿ. ಎದೆ ಹಾಲಿನಿಂದ ಬಿಗಿದು ಅಂಗಿ ಒದ್ದೆಯಾಗಿತ್ತು. ಗಂಡ ಕಾಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದ. ಅವನು ಹೆಂಡತಿಗೆ ಏನೂ ಹೇಳಿರಲಿಲ್ಲ, ಅದು ನನ್ನ ಬಾಯಿಂದ ಬರಬೇಕಾದ್ದಲ್ಲ ಎಂದು ಅಕ್ಕನಿಗಾಗಿ ಬಿಟ್ಟಿದ್ದ. ಅಕ್ಕನನ್ನು ಕಂಡ ಕೂಡಲೇ ತಂಗಿಯ ಮುಖ ಅರಳಿತು. ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು.

"ಡಾಕ್ಟರು ಬಂದು ಏನೇನೋ ಹೇಳಿದ್ರು. ರಕ್ತದಲ್ಲಿ ಇದೆ, ಮೂರು ದಿನ ಕಾಯಬೇಕು ಅಂದ್ರು. ನನಗೊಂದೂ ಅರ್ಥವಾಗಲಿಲ್ಲ. ನೀನು ನೋಡಿದ್ಯಾ ಅಕ್ಕ? ನೀನು ಹೇಳಿದ್ರೆ ನಂಬ್ತೀನಿ."

"ನಾನು ನೋಡಲಿಲ್ಲ," ಎಂದಳು ಅಕ್ಕ. "ಮೊದಲೂ ಸರಿಯಾಗಿ ನೋಡಲಿಲ್ಲ."

ಆಮೇಲೆ ಉಳಿದದ್ದನ್ನೂ ಹೇಳಿದಳು. ಕ್ರಮ ಬಿಟ್ಟು ಮೊದಲು ತಟ್ಟೆಗೆ ಗೀಚಿದ್ದು, ನಂಬರು ಹಾಕದೆ ಟ್ಯೂಬು ಇಟ್ಟದ್ದು, ಮರೆತದ್ದು, ಭಾನುವಾರವೆಲ್ಲ ಅದು ಕಿತ್ತಳೆಯಾಗಿ ಕೂತಿದ್ದದ್ದು, ನಂಬರಿಲ್ಲವೆಂದು ಯಾರೂ ಅದನ್ನು ನೋಡದೆ ಹೋದದ್ದು. ನಿನಗಾಗಿ ಅವಸರ ಮಾಡಿದೆ ಎಂಬ ಮಾತು ತುದಿನಾಲಿಗೆಗೆ ಬಂತು, ಅದನ್ನು ನುಂಗಿಕೊಂಡಳು. ಹೇಳುವಷ್ಟು ಹೊತ್ತೂ ತಂಗಿ ಕೈ ಬಿಡಲಿಲ್ಲ. ಬಿಟ್ಟಿದ್ದರೆ ಹೇಳುವುದು ಸುಲಭವಾಗುತ್ತಿತ್ತು.

ಹೇಳಿ ಮುಗಿಯಿತು. ತಂಗಿ ಅಳಲಿಲ್ಲ, ಯಾಕೆ ಹೀಗೆ ಮಾಡಿದೆ ಎಂದೂ ಕೇಳಲಿಲ್ಲ. ಖಾಲಿ ತೊಟ್ಟಿಲನ್ನೇ ನೋಡುತ್ತಿದ್ದಳು. ಕೊನೆಗೆ ಮೆಲ್ಲಗೆ ಕೇಳಿದಳು.

"ಉಳಿಯುತ್ತಾ ಅಕ್ಕ?"

"ಗೊತ್ತಿಲ್ಲ."

ಮೂವತ್ತು ವರ್ಷದಲ್ಲಿ ತಂಗಿ ಅಕ್ಕನ ಬಾಯಿಂದ ಆ ಮಾತು ಕೇಳಿದ್ದು ಅದೇ ಎರಡನೇ ಸಲ. ಮೊದಲನೆಯದು ಅಮ್ಮನ ವಿಷಯದಲ್ಲಿ. ಅವಳು ಅಕ್ಕನ ಕೈಯನ್ನು ನಿಧಾನವಾಗಿ ಬಿಟ್ಟಳು. ಸಿಟ್ಟಿನಿಂದ ಬಿಟ್ಟ ಹಾಗೆ ಇರಲಿಲ್ಲ, ಏನೋ ಕೆಲಸ ಒಪ್ಪಿಸುವುದಕ್ಕೆ ಬಿಟ್ಟ ಹಾಗಿತ್ತು.

"ಹಾಗಾದ್ರೆ ಒಂದು ಕೆಲಸ ಮಾಡು. ಆ ಕೋಣೆಗೆ ಹೋಗಿ, ಮಗೂಗೆ ನಂಬರ್ ಕಟ್ಟಿದ್ದಾರಾ ನೋಡಿ ಬಾ. ನಂಬರ್ ಇಲ್ಲ ಅಂತ ಯಾರೂ ನೋಡದೆ ಹೋದಾರು."

ಅಕ್ಕ ಎದ್ದು ಹೋದಳು. ಹಸುಗೂಸುಗಳ ಕೋಣೆಯ ಒಳಗೆ ಅವಳನ್ನು ಬಿಡಲಿಲ್ಲ, ಗಾಜಿಗೆ ಹಣೆ ಒತ್ತಿ ನಿಂತಳು. ಎರಡನೇ ಪೆಟ್ಟಿಗೆಯಲ್ಲಿ ಮಗು ಮಲಗಿತ್ತು. ಮೆಷಿನ್ನು ಉಸಿರು ಕೊಟ್ಟಾಗಲೆಲ್ಲ ಅದರ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಹೆಬ್ಬೆರಳಿನಷ್ಟು ದಪ್ಪದ ಕಾಲಿಗೆ ಒಂದು ಪಟ್ಟಿ ಕಟ್ಟಿದ್ದರು. ಅದರ ಮೇಲೆ ಆರು ಅಂಕಿ ಇತ್ತು. ತಟ್ಟೆಯ ಮೇಲಿನ ಸೂಜಿಮೊನೆಯಷ್ಟು ಚುಕ್ಕಿಯನ್ನು ಗುರುತಿಸುತ್ತಿದ್ದ ಕಣ್ಣಿಗೆ ಆ ಆರು ಅಂಕಿ ಕಾಣದೆ ಮಂಜಾಯಿತು. ಕಣ್ಣೊರೆಸಿಕೊಂಡು ಮತ್ತೆ ಓದಿದಳು. ಒಳಗಿದ್ದ ನರ್ಸಮ್ಮನಿಗೆ ಸನ್ನೆ ಮಾಡಿ, ಪಟ್ಟಿಯನ್ನು ಇತ್ತ ತಿರುಗಿಸಿ ಹಿಡಿಯುವಂತೆ ಕೇಳಿಕೊಂಡು ಮೂರನೇ ಸಲ ಓದಿದಳು.

ವಾಪಸು ಬಂದು ತಂಗಿಯ ಮುಂದೆ ನಿಂತು ನಂಬರು ಹೇಳಿದಳು.

"ಎರಡು, ಏಳು, ನಾಲ್ಕು, ಸೊನ್ನೆ, ಒಂದು, ಒಂಬತ್ತು."

ಯಾರೂ ಹೇಳಿಕೊಡದಿದ್ದರೂ ತಂಗಿ ತಿರುಗಿ ಒಪ್ಪಿಸಿದಳು. ಎರಡು, ಏಳು, ನಾಲ್ಕು, ಒಂದು ಎನ್ನುವಾಗ ತಪ್ಪಿತು. ಸೊನ್ನೆ ಬಿಟ್ಟೆ ಎಂದಳು ಅಕ್ಕ. ತಂಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು, ಸ್ಟೂಲಿನ ಮೇಲಿದ್ದ ಗಂಡನೂ ಅವಳ ಜೊತೆಗೆ ಹೇಳತೊಡಗಿದ. ಈ ಸಲ ಸರಿಯಾಗಿತ್ತು. ಸರಿ ಎಂದು ಹೇಳಬೇಕಾದ ಅಕ್ಕನಿಗೆ ಬಾಯಿ ಬರಲಿಲ್ಲ.